ಪಕ್ಕದ ಸೀಟಿನ ಬ್ರೇಕು

ಬ್ರೇಕ್ ಮೇಷ್ಟ್ರು ಕಾರು ಕಲಿಸಿದವರನ್ನೆಲ್ಲ ಒಂದು ಸಾಲಿನಲ್ಲಿ ನಿಲ್ಲಿಸಿದ್ದರೆ ಸಾಲಿನ ಕೊನೆಯವನು ಪರದೇಶದಲ್ಲಿ ನಿಂತಿರುತ್ತಿದ್ದ, ಅವನಿಗೆ ಪಾಸ್‌ಪೋರ್ಟ್ ಮಾಡಿಸಬೇಕಾಗುತ್ತಿತ್ತು. ಇದು ಬಡಾಯಿಯಲ್ಲ. ಬಡಾಯಿ ಕೊಚ್ಚುವುದೇ ಆಗಿದ್ದರೆ ಸಾಲು ಸಮುದ್ರ ದಾಟಿತು ಅನ್ನಬಹುದಿತ್ತು.

ಕಾರು ಕಲಿಸುವವರ ಕಾರಿನಲ್ಲಿ ಬ್ರೇಕು ಎರಡಿರುತ್ತವೆ. ಒಂದು ಸ್ಟೀರಿಂಗ್ ಹಿಡಿದು ಬೆವರುವವರ ಕಾಲಿಗೆ, ಇನ್ನೊಂದು ಪಕ್ಕದ ಸೀಟಿನಲ್ಲಿ ಕೂತು ಬೆವರಿಳಿಸುವವರ ಕಾಲಿಗೆ. ಕಲಿಯುವವರ ತಲೆಯಲ್ಲಿ ತಪ್ಪು ಹುಟ್ಟುವ ಮೊದಲೇ ಮೇಷ್ಟ್ರ ಕಾಲು ಅದನ್ನು ತುಳಿದು ಹಾಕುತ್ತಿತ್ತು. ಇರುವೆ ಅಡ್ಡ ಬಂದರೆ ಬ್ರೇಕು. ಬರಬಹುದೆಂಬ ಗುಮಾನಿಗೂ ಬ್ರೇಕು. ಮನೆಯೊಳಗೂ ಆ ಕಾಲೇ ಬಾಯಿಯ ವೇಷ ಹಾಕಿಕೊಂಡು ಓಡಾಡುತ್ತಿತ್ತು: "ಬೇಡ." ಮಗಳು ಕೂದಲು ಕತ್ತರಿಸಿಕೊಳ್ಳುತ್ತೇನೆಂದರೆ ಬೇಡ. ತಮ್ಮ ಮೀಸೆ ಬಿಡುತ್ತೇನೆಂದರೆ ಬೇಡ, ಮನೆಗೆ ಒಂದು ಮೀಸೆ ಸಾಕು. ಆ ಒಂದು ಮೀಸೆಯಾದರೂ ಎಂಥದ್ದು! ಎರಡು ತುದಿಗೂ ಒಂದೊಂದು ಗುಬ್ಬಚ್ಚಿ ಕೂತು ಸಂಸಾರ ಹೂಡಬಹುದಿತ್ತು.

ಇಂಥ ಮನುಷ್ಯನ ಮೆದುಳಿನಲ್ಲಿ ಒಂದು ದಿನ ಕೂದಲೆಳೆಯಷ್ಟು ರಕ್ತನಾಳ ಒಡೆಯಿತು. ಯಮನೇ ಬಂದು ಬಾಗಿಲು ತಟ್ಟಿದ, ಇವರ "ಬೇಡ"ಕ್ಕೆ ಹೆದರಿ ವಾಪಸು ಹೋದ ಎಂದು ಬೀದಿಯಲ್ಲಿ ಮಾತು. ಹೋಗುವಾಗ ಬರಿಗೈಯಲ್ಲಿ ಹೋಗಲಿಲ್ಲ. ಆ "ಬೇಡ"ವನ್ನೇ ಕಿತ್ತುಕೊಂಡು ಹೋದ. ಮೇಷ್ಟ್ರು ಮತ್ತೆ ನಡೆದರು, ಉಂಡರು, ರಸ್ತೆಯಲ್ಲಿ ಹೋಗುವ ಗಾಡಿಯ ಸದ್ದು ಕೇಳಿಯೇ ಅದು ಯಾವ ಗೇರಿನಲ್ಲಿದೆ ಎಂದು ಹೇಳಿದರು. ಆದರೆ ಯಾರು ಏನು ಕೇಳಿದರೂ ಕೋಲೆಬಸವನ ಹಾಗೆ ತಲೆ ಆಡಿಸಿ, "ಆಯ್ತು. ಧಾರಾಳವಾಗಿ" ಅನ್ನತೊಡಗಿದರು.

ಊರಿಗೆ ಊರೇ ಇದರ ರುಚಿ ನೋಡಿತು. ರತ್ನಗಂಬಳಿ ಮಾರುವವನು ಬಂದು "ಹಾಸಲಾ ಸಾರ್?" ಎಂದ. ಆಯ್ತು. ಮಗಳು ಮನೆಗೆ ಬರುವಷ್ಟರಲ್ಲಿ ನಡುಮನೆ, ಅಡುಗೆಮನೆ, ಬಚ್ಚಲುಮನೆ, ಕಡೆಗೆ ಕಾರಿನ ಷೆಡ್ಡಿಗೂ ಗಂಬಳಿ ಬಿದ್ದಿತ್ತು. ಎದುರುಮನೆಯ ಟೈಲರಮ್ಮ ತಮಾಷೆಗೆ "ನನ್ನನ್ನ ಮದುವೆ ಆಗ್ತೀರಾ ಮೇಷ್ಟ್ರೇ?" ಎಂದಳು. ಅದಕ್ಕೂ "ಧಾರಾಳವಾಗಿ." ಪಕ್ಕದಲ್ಲೇ ಗುಂಡಿ ಹೊಲಿಯುತ್ತ ಕೂತಿದ್ದ ಅವಳ ಗಂಡನ ಬೆರಳಿಗೆ ಸೂಜಿ ಚುಚ್ಚಿತು. ಸರ್ಕಸ್ಸಿನವರು "ನಿಮ್ಮ ಮೈದಾನದಲ್ಲಿ ಡೇರೆ ಹಾಕ್ಕೊಳ್ಳಲಾ?" ಎಂದು ಕೇಳಿದ್ದೇ ತಡ, ಮನೆಯ ಹಿಂದಿನ ಮೈದಾನದಲ್ಲಿ, ಅಂದರೆ ಕಲಿಯುವವರು ಹಳೇ ಟೈರುಗಳ ನಡುವೆ ಕಾರು ತಿರುಗಿಸುವ ಜಾಗದಲ್ಲಿ, ಒಂದು ಒಂಟೆ ಬಂದು ಕೂತಿತು. ಅದು ಏಳಲೊಲ್ಲದು. ಆ ತಿಂಗಳು ಕಲಿತವರೆಲ್ಲ ಒಂಟೆಯ ಸುತ್ತಲೇ ರಿವರ್ಸ್ ಕಲಿತರು. ಜಗತ್ತಿನಲ್ಲಿ ಅವರಷ್ಟು ಚೆನ್ನಾಗಿ ರಿವರ್ಸ್ ಹೊಡೆಯುವವರು ಬೇರೆ ಯಾರೂ ಇಲ್ಲ.

ಮಗಳಿಗೆ ನಗಲು ಪುರುಸೊತ್ತಿರಲಿಲ್ಲ. ಈಗ ಕಾರು ಕಲಿಸುವ ಶಾಲೆ ನಡೆಸುತ್ತಿದ್ದವಳು ಅವಳೇ. ಇವತ್ತು ಒಂಟೆ ಬಂತು, ನಾಳೆ ಯಾರೋ ಬಂದು "ಮನೆ ಬರೆದುಕೊಡಿ" ಅಂದರೆ? ಧಾರಾಳವಾಗಿ ಅನ್ನುವವರ ಕೈಗೆ ಪೆನ್ನು ಸಿಕ್ಕಿದರೆ ಸಾಕಲ್ಲ. ಡಾಕ್ಟರು ಪರೀಕ್ಷೆ ಮಾಡಿ, "ನಿಮ್ಮ ತಂದೆಯವರಿಗೆ ತಿಳುವಳಿಕೆ ಇದೆಯಮ್ಮ, ತೀರ್ಮಾನ ಇಲ್ಲ. ಅವರ ಪರವಾಗಿ ನಿರ್ಧಾರ ತಗೊಳ್ಳೋಕೆ ಕೋರ್ಟಿಂದ ಒಬ್ಬ ಗಾರ್ಡಿಯನ್ ನೇಮಕ ಆಗಬೇಕು" ಎಂದರು. ಮಗಳು ಅರ್ಜಿ ಹಿಡಿದು ಕೋರ್ಟಿಗೆ ಹೋದಳು. ಕಿಟಕಿಯ ಮುಂದೆ ಅದೇ ಅರ್ಜಿ ಹಿಡಿದು ಚಿಕ್ಕಪ್ಪ ನಿಂತಿದ್ದ.

ಚಿಕ್ಕಪ್ಪನೆಂದರೆ ಮೇಷ್ಟ್ರ ಒಡಹುಟ್ಟಿದ ತಮ್ಮ. ಔಷಧಿ ಅಂಗಡಿ ಅವನದು. ಊರವರೆಲ್ಲ ಕರೆಯುವುದು ಟೈಮ್‌ಟೇಬಲ್ ಎಂದು. ಸೀನುವುದಕ್ಕೂ ಅವನಲ್ಲಿ ಹೊತ್ತು ನಿಗದಿಯಾಗಿತ್ತು, ಹೊತ್ತಲ್ಲದ ಹೊತ್ತಿನಲ್ಲಿ ಬಂದ ಸೀನನ್ನು ಮೂಗು ಹಿಡಿದು ವಾಪಸು ಕಳಿಸುತ್ತಿದ್ದ. ಊರೆಲ್ಲ ಅಣ್ಣನ ಹತ್ತಿರ ಕಾರು ಕಲಿತರೂ ಲೈಸೆನ್ಸ್ ಇಲ್ಲದೆ ಉಳಿದವನು ಇವನೊಬ್ಬನೇ. ಮೀಸೆ ಚಿಗುರುವ ವಯಸ್ಸಿನಲ್ಲಿ ಸ್ಟೀರಿಂಗ್ ಹಿಡಿದಿದ್ದ. ಮೈದಾನದ ಗೇಟಿನವರೆಗೆ ಹೋಗುವುದರೊಳಗೆ ಅಣ್ಣ ಎಷ್ಟು ಬ್ರೇಕು ಹಾಕಿದನೆಂದರೆ, ತಮ್ಮನ ಹಲ್ಲು ಅಲ್ಲಾಡಿ ಒಂದು ಉದುರಿತು ಎನ್ನುವವರೂ ಇದ್ದಾರೆ. ಇಳಿದು ಹೋದವನು ಅಂದಿನಿಂದ ಸೈಕಲ್ಲೇ. ಈಗ ಅಣ್ಣನ ಮೇಲೆ ಒಂದು ಬ್ರೇಕು ಸಿಗುತ್ತದೆಂದರೆ ಬಿಡುತ್ತಾನೆಯೇ?

"ಅಲ್ಲ ಚಿಕ್ಕಪ್ಪ, ಅಪ್ಪನ್ನ ನಾನು ನೋಡ್ಕೊಳ್ತಾ ಇಲ್ವಾ?" ಎಂದಳು ಮಗಳು ಕಿಟಕಿಯ ಮುಂದೆಯೇ.

"ನೋಡ್ಕೊಳ್ತೀಯ ತಾಯಿ, ಕಣ್ಣು ತುಂಬಾ ನೋಡ್ಕೊಳ್ತೀಯ. ದಿನಾ ಬೆಳಿಗ್ಗೆ ಕಾರಲ್ಲಿ ಕೂರಿಸಿ ಮೈದಾನ ಸುತ್ತಿಸ್ತೀಯಲ್ಲ, ಬುದ್ಧಿ ನೆಟ್ಟಗಿಲ್ಲದೋನ ಕಾಲಿಗೆ ಬ್ರೇಕ್ ಕೊಟ್ಟು? ನಮ್ಮನೆ ಮಹಡಿ ಮೇಲೆ ರೂಮು ರೆಡಿ ಇದೆ. ಎಷ್ಟು ಹೊತ್ತಿಗೆ ಏಳ್ಬೇಕು, ಎಷ್ಟು ಹೊತ್ತಿಗೆ ಮಾತ್ರೆ, ಎಷ್ಟು ಹೊತ್ತಿಗೆ ಗಾಳಿ, ಎಲ್ಲಾ ಬರೆದು ಗೋಡೆಗೆ ಅಂಟಿಸಿದ್ದೀನಿ."

"ಗಾಳಿಗೂ ಟೈಮಾ?"

"ಗಾಳಿಗೇ ಮೊದಲು ಟೈಮು."

 ಮಹಡಿಯ ರೂಮಿಗೆ ಹೋಗುತ್ತೀರಾ ಎಂದು ಯಾರಾದರೂ ಕೇಳಿದರೆ ಅಪ್ಪ ಏನೆನ್ನುತ್ತಾನೆಂದು ಮಗಳಿಗೆ ಗೊತ್ತಿತ್ತು. ಧಾರಾಳವಾಗಿ ಹೋಗಿ ಕೂರುತ್ತಾನೆ, ಕಾರು ಕಾಣದೆ ಒಣಗುತ್ತಾನೆ. ಬೆಳಗಿನ ಆ ಒಂದು ಸುತ್ತಿನಲ್ಲಿ ಮಾತ್ರ ಅವಳಿಗೆ ಹಳೆಯ ಅಪ್ಪ ಸಿಗುತ್ತಿದ್ದ. ಕಲಿಯುವವರು ಟೈರಿಗೆ ಗುದ್ದುವ ಮೊದಲೇ ಆ ಕಾಲು ಒತ್ತುತ್ತಿತ್ತು. ಬುದ್ಧಿ ಹೋದಲ್ಲಿಗೆ ಕಾಲು ಹೋಗಿರಲಿಲ್ಲ. ಒಂದು ತಕರಾರೆಂದರೆ ಈಚೆಗೆ ಬಟ್ಟಬಯಲಿನಲ್ಲೂ ಕಾರು ಗಕ್ಕನೆ ನಿಲ್ಲುತ್ತಿತ್ತು. ಅವಳು ಹಿಂದಿನ ಸೀಟಿನಲ್ಲಿ ಕೂತು ಏನೋ ಮಾತಾಡುತ್ತಿರುವಾಗ ಏಕಾಏಕಿ ಗಕ್ಕ್. ಬ್ರೇಕು ಕಚ್ಚಿಕೊಳ್ಳುತ್ತಿದೆ ಎಂದು ಅವಳು ಮೆಕ್ಯಾನಿಕ್ಕನ ಹತ್ತಿರ ಪ್ಯಾಡು ಬದಲಾಯಿಸಿದಳು, ಎಣ್ಣೆ ಬದಲಾಯಿಸಿದಳು, ಕೊನೆಗೆ ಮೆಕ್ಯಾನಿಕ್ಕನ್ನೇ ಬದಲಾಯಿಸಿದಳು. ಗಕ್ಕ್ ನಿಲ್ಲಲಿಲ್ಲ.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗೆ ಕೋರ್ಟಿನಲ್ಲಿ ಎರಡು ಅರ್ಜಿಗಳೂ ಕೊಂಬಿಗೆ ಕೊಂಬು ಕೊಟ್ಟು ನಿಂತವು. ಕಡೆಗೆ ನ್ಯಾಯಾಧೀಶೆಯೇ "ನಾನೇ ಮನೆಗೆ ಬಂದು ನೋಡ್ತೀನಿ" ಎಂದರು.

ಬಂದರು. ಆಕೃತಿ ಹಿಡಿಯಷ್ಟು, ಗತ್ತು ಬೆಟ್ಟದಷ್ಟು. ಅವರು ಕೆಮ್ಮಿದರೆ ವಕೀಲರು ಎದ್ದು ನಿಲ್ಲುತ್ತಿದ್ದರಂತೆ. ಆಕಳಿಸಿದರೆ ಕೈದಿಗಳು ತಪ್ಪೊಪ್ಪಿಕೊಳ್ಳುತ್ತಿದ್ದರಂತೆ. ಬಚ್ಚಲುಮನೆಯ ರತ್ನಗಂಬಳಿಯನ್ನು ಕಂಡು ಹುಬ್ಬೇರಿಸಿ, ನಡುಮನೆಯಲ್ಲಿ ಮೇಷ್ಟ್ರ ಎದುರು ಕುರ್ಚಿ ಎಳೆದು ಕೂತರು.

"ನಮಸ್ಕಾರ. ನಿಮ್ಮ ಬೇಕು ಬೇಡಗಳನ್ನ ನೋಡಿಕೊಳ್ಳೋಕೆ ಒಬ್ಬರನ್ನ ನೇಮಿಸಬೇಕು ಅಂತ ಅರ್ಜಿ ಬಂದಿದೆ. ನಿಮ್ಮ ತಮ್ಮ ಆಗಬಹುದಾ?"

"ಆಯ್ತು," ಎಂದರು ಮೇಷ್ಟ್ರು.

ಚಿಕ್ಕಪ್ಪನ ಎದೆ ಟೈರಿನ ಹಾಗೆ ಉಬ್ಬಿತು.

"ನಿಮ್ಮ ಮಗಳು?"

"ಆಯ್ತು. ಧಾರಾಳವಾಗಿ."

ಟೈರು ಪಂಕ್ಚರಾಯಿತು.

ನ್ಯಾಯಾಧೀಶೆ ಕನ್ನಡಕ ತೆಗೆದು ಒರೆಸಿದರು. "ಇಬ್ಬರೂ ಬೇಡ ಅಂದ್ರೆ?"

"ಆಯ್ತು."

"ನಾನೇ ಆಗಲಾ?"

"ಅಯ್ಯೋ, ಧಾರಾಳವಾಗಿ!"

"ಬಾಗಿಲಲ್ಲಿ ನಿಂತಿದೆಯಲ್ಲ ಬೆಕ್ಕು, ಅದು?"

ಮೇಷ್ಟ್ರು ಬೆಕ್ಕನ್ನು ನೋಡಿದರು. ಬೆಕ್ಕು ಮೇಷ್ಟ್ರನ್ನು ನೋಡಿತು. "ಆಯ್ತು," ಎಂದರು. ಒಪ್ಪದೆ ಎದ್ದು ಹೋದದ್ದು ಬೆಕ್ಕು ಮಾತ್ರ. ಆ ಮನೆಯಲ್ಲಿ ತೀರ್ಮಾನ ತೆಗೆದುಕೊಳ್ಳುವ ಶಕ್ತಿ ಇದ್ದದ್ದು ಸದ್ಯಕ್ಕೆ ಅದೊಂದಕ್ಕೇ.

"ಇವರ ಮನಸ್ಸಲ್ಲಿ ಏನಿದೆ ಅಂತ ತಿಳ್ಕೊಳ್ಳೋದು ಹೇಗೆ?" ಎಂದು ನ್ಯಾಯಾಧೀಶೆ ಗೋಡೆಯನ್ನು ಕೇಳಿದರು. "ದಿನಾ ಏನು ಮಾಡ್ತಾರೆ ಇವರು?"

"ಅದನ್ನೇ ಕೇಳಿ ಮೇಡಂ, ಅದನ್ನೇ!" ಎಂದು ಚಿಕ್ಕಪ್ಪ ಮುಂದೆ ಬಂದ. "ಕಾರು ಹತ್ತಿಸ್ತಾಳೆ!"

"ಮೈದಾನದಲ್ಲಿ ಮಾತ್ರ ಮೇಡಂ," ಎಂದಳು ಮಗಳು. "ರಸ್ತೆಗೆ ಹೋಗೋದೇ ಇಲ್ಲ."

"ತೋರಿಸಿ."

ಹಿಂದಿನ ಮೈದಾನದಲ್ಲಿ ಕಾರು ನಿಂತಿತ್ತು. ಒಂಟೆ ಹೋಗಿ ಬಹಳ ದಿನವಾಗಿದ್ದರೂ ಅದು ಕೂತ ಗುಳಿ ಇನ್ನೂ ಇತ್ತು. ಮೇಷ್ಟ್ರು ನೇರ ಹೋಗಿ ಎಂದಿನಂತೆ ಪಕ್ಕದ ಸೀಟಿನಲ್ಲಿ ಕೂತರು. ಕೂತ ಕೂಡಲೇ ಬೆನ್ನು ನೆಟ್ಟಗಾಯಿತು. ಮಗಳು ಹಿಂದೆ ಕೂತಳು. ಅಣ್ಣನ ಕಾರಿಗೆ ಕಾಲಿಡುವುದಿಲ್ಲವೆಂದು ಬಹುಕಾಲದ ಹಿಂದೆಯೇ ಶಪಥ ಮಾಡಿದ್ದ ಚಿಕ್ಕಪ್ಪ, ಮಗಳೊಬ್ಬಳೇ ಕೂತು ನ್ಯಾಯಾಧೀಶೆಯ ಕಿವಿ ಊದಿಬಿಟ್ಟಾಳೆಂದು ಶಪಥವನ್ನು ಜೇಬಿಗಿಟ್ಟು ಹಿಂದೆಯೇ ತುರುಕಿಕೊಂಡ. ನ್ಯಾಯಾಧೀಶೆಗೆ ಉಳಿದದ್ದು ಸ್ಟೀರಿಂಗಿನ ಮುಂದಿನ ಸೀಟು.

"ನಾನು ಯಾಕೆ ಇಲ್ಲಿ?"

"ಶಾಲೆಯ ನಿಯಮ ಮೇಡಂ," ಎಂದಳು ಮಗಳು ಸಂಕೋಚದಿಂದ. "ಕೊನೆಗೆ ಹತ್ತಿದೋರು ಓಡಿಸ್ಬೇಕು. ಹತ್ತೋಕೆ ಹೆದರೋರೇ ಹಿಂದೆ ಉಳೀತಾರೆ, ಅವರಿಗೇ ಮೊದಲು ಕಲಿಸ್ಬೇಕು ಅಂತ ಅಪ್ಪ ಮಾಡಿದ್ದು."

"ಲೈಸೆನ್ಸ್ ಇದೆ ನನ್ನ ಹತ್ತಿರ," ಎಂದರು ನ್ಯಾಯಾಧೀಶೆ. ಆಮೇಲೆ ಸ್ವಲ್ಪ ಸಣ್ಣ ದನಿಯಲ್ಲಿ, "ಓಡಿಸಿ ತುಂಬಾ ವರ್ಷ ಆಯ್ತು. ಡ್ರೈವರ್ ಇದ್ದಾನೆ ನೋಡಿ."

"ಕ್ಲಚ್ ಒತ್ತಿ ತಾಯಿ," ಎಂದರು ಮೇಷ್ಟ್ರು. "ಅದಲ್ಲ. ಅದೂ ಅಲ್ಲ. ಅದು ವೈಪರು."

ಕಾರು ಕಪ್ಪೆಯ ಹಾಗೆ ಕುಪ್ಪಳಿಸಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ; ನ್ಯಾಯಾಧೀಶೆ "ನಿಮ್ಮ ಮೈದಾನ ಸರಿಯಿಲ್ಲ" ಎಂದು ತೀರ್ಪು ಕೊಟ್ಟರು. ಎರಡು ಸುತ್ತು ಹಾಕುವಷ್ಟರಲ್ಲಿ ಕಾರು ಅವರ ಮಾತು ಕೇಳತೊಡಗಿತು, ಅವರಿಗೂ ಅದರ ಮಾತು ಅರ್ಥವಾಗತೊಡಗಿತು. ಧೈರ್ಯ ಬಂದು ಮತ್ತೆ ವಿಚಾರಣೆ ಶುರು ಮಾಡಿದರು.

"ಅಲ್ಲ ಮೇಷ್ಟ್ರೇ, ನಿಮ್ಮ ತಮ್ಮನ ಮನೆ ಮಹಡಿ ಮೇಲಿನ ರೂಮಿಗೆ ಹೋಗಿ ಇರ್ತೀರಾ?"

"ಆಯ್ತು. ಧಾರಾಳ..."

ಗಕ್ಕ್!

ನ್ಯಾಯಾಧೀಶೆಯ ಹಣೆ ಸ್ಟೀರಿಂಗಿಗೆ ಬಡಿಯಿತು. ಚಿಕ್ಕಪ್ಪನ ಮೂಗು ಮುಂದಿನ ಸೀಟಿನ ಬೆನ್ನಿಗೆ ಅಚ್ಚೊತ್ತಿತು. ಬಟ್ಟಬಯಲು, ಮುಂದೆ ಒಂದು ಚಿಟ್ಟೆಯೂ ಇರಲಿಲ್ಲ.

"ಅಯ್ಯೋ, ಕ್ಷಮಿಸಿ ಮೇಡಂ. ಈ ಹಾಳು ಬ್ರೇಕು ಕಚ್ಚಿಕೊಳ್ಳುತ್ತೆ," ಎಂದಳು ಮಗಳು. "ಪ್ಯಾಡು ಹೊಸದು."

ಕಾರು ಮತ್ತೆ ಹೊರಟಿತು. "ತಮ್ಮ ಹೇಳಿದ ಹೊತ್ತಿಗೆ ಎದ್ದು, ಹೇಳಿದ ಹೊತ್ತಿಗೆ ಮಲಗ್ತೀರಾ?"

"ಧಾರಾಳವಾಗಿ."

ಗಕ್ಕ್!

"ನೋಡಿದ್ರಾ ಮೇಡಂ? ಇಂಥ ಗಾಡೀಲಿ ಕೂರಿಸ್ತಾಳೆ!" ಎಂದು ಚಿಕ್ಕಪ್ಪ ಮೂಗು ಸವರಿಕೊಂಡ.

ನ್ಯಾಯಾಧೀಶೆ ತಲೆ ಬಗ್ಗಿಸಿ ಮೇಷ್ಟ್ರ ಕಾಲನ್ನೇ ನೋಡುತ್ತಿದ್ದರು. ಪೆಡಲಿನ ಮೇಲೆ ಚಪ್ಪಲಿ ಇನ್ನೂ ಬಿಗಿಯಾಗಿ ಕೂತಿತ್ತು. ಮೇಷ್ಟ್ರ ಮುಖದಲ್ಲಿ ಮಾತ್ರ ಅದೇ ಧಾರಾಳವಾದ ನಗು. ಕೆಳಗೆ ಏನು ನಡೆಯುತ್ತಿದೆ ಎಂಬ ಸುದ್ದಿ ಅದಕ್ಕೆ ಮುಟ್ಟಿರಲೇ ಇಲ್ಲ.

"ಬ್ರೇಕು ಕಚ್ಚಿಕೊಳ್ತಿಲ್ಲಮ್ಮ," ಎಂದರು ನ್ಯಾಯಾಧೀಶೆ ಮೆಲ್ಲಗೆ. "ಉತ್ತರ ಹೇಳ್ತಿದೆ."

ಮಗಳಿಗೆ ಗೆಲುವಿನ ನಗೆ ಉಕ್ಕಿತು. ಚಿಕ್ಕಪ್ಪನ ಮುಖ ನೋಡಿದಳು. ಪಾಪ, ಕಹಿ ಮಾತ್ರೆಯನ್ನು ನೀರಿಲ್ಲದೆ ನುಂಗಿದವನ ಹಾಗಿದ್ದ.

"ಹಾಗಾದ್ರೆ ಕೇಳೇಬಿಡೋಣ," ಎಂದು ನ್ಯಾಯಾಧೀಶೆ ಗೇರು ಹಾಕಿದರು. "ಇನ್ನು ಮೇಲೆ ನಿಮ್ಮ ಎಲ್ಲಾ ನಿರ್ಧಾರಗಳನ್ನೂ ಮಗಳೇ ತಗೊಳ್ತಾಳೆ. ಆಗಬಹುದಾ?"

"ಆಯ್ತು," ಎಂದರು ಮೇಷ್ಟ್ರು ಪ್ರೀತಿಯಿಂದ.

ಗಕ್ಕ್!

ಹಿಂದಿನ ಎರಡಕ್ಕಿಂತ ಇದು ಜೋರಾಗಿತ್ತು. ಮೈದಾನದ ಆಚೆ ತಂತಿಯ ಮೇಲಿದ್ದ ಕಾಗೆಗಳೆಲ್ಲ ಎದ್ದು ಹಾರಿದವು. ಮಗಳ ನಗೆ ಮುಖದಲ್ಲೇ ಹೆಪ್ಪುಗಟ್ಟಿತು. ಗೆದ್ದೆ ಎಂದು ಚಿಕ್ಕಪ್ಪನೂ ಕುಣಿಯಲಿಲ್ಲ. ಅವಳ ಮುಖ ಹಾಗಿತ್ತು.

"ಅಪ್ಪಾ," ಎಂದಳು. "ನಾನೂ ಬೇಡ್ವಾ?"

"ಬೇಕು, ಬೇಕು. ಧಾರಾಳವಾಗಿ," ಎಂದರು ಅಪ್ಪ.

ಆ ಗಕ್ಕುಗಳೆಲ್ಲ ಒಂದೊಂದಾಗಿ ಅವಳ ನೆನಪಿಗೆ ಬಂದವು. ಹಿಂದಿನ ಸೀಟಿನಲ್ಲಿ ಕೂತು ತಾನು ಏನು ಮಾತಾಡುತ್ತಿದ್ದೆ? ಅಪ್ಪಾ, ನಾಳೆಯಿಂದ ರಾತ್ರಿ ಗಂಜಿ ಕೊಡ್ತೀನಿ, ಗಕ್ಕ್. ಅಪ್ಪಾ, ನಿನ್ನ ಹಳೇ ಚಪ್ಪಲಿ ಎಸೆದುಬಿಡ್ತೀನಿ, ಗಕ್ಕ್. ಬಾಯಿ ಆಯ್ತು ಅಂದಿತ್ತು, ಇವಳು ಆಯ್ತು ಎಂದೇ ಹಿಡಿದಳು. ಕಾಲು ಬೊಬ್ಬೆ ಹಾಕಿತು, ಇವಳು ಹೋಗಿ ಪ್ಯಾಡು ಬದಲಾಯಿಸಿದಳು. ಊರಿಗೆಲ್ಲ ಕಾರು ಕಲಿಸುವ ಮನೆಯವಳು ತಾನು! ಬೇರೆ ಯಾವ ಮನೆಯ ಮಗಳಾದರೂ "ಯಾಕಪ್ಪಾ ನಿಲ್ಲಿಸ್ದೆ?" ಎಂದು ಒಮ್ಮೆ ಕೇಳುತ್ತಿದ್ದಳೇನೋ. ಇವಳು ಬಾನೆಟ್ ಎತ್ತಿದ್ದಳು.

"ಮೇಡಂ, ಒಂದು ನಿಮಿಷ, ನಾನು ಕೇಳಲಾ?" ಎಂದಳು. ಕಾರು ಹೊರಟ ಮೇಲೆ ಮುಂದಕ್ಕೆ ಬಗ್ಗಿ, "ಅಪ್ಪಾ, ಮನೆ, ಜಾಗ, ಬ್ಯಾಂಕು, ಸಹಿ, ಇದೆಲ್ಲ ನಾನು ನೋಡ್ಕೊಳ್ಳಲಾ?"

"ಆಯ್ತು."

ಕಾರು ಬೆಣ್ಣೆಯ ಮೇಲೆ ಹೋದ ಹಾಗೆ ಹೋಯಿತು.

"ಚಿಕ್ಕಪ್ಪ ಬಂದು ಮಾತ್ರೆ ಕೊಡ್ಲಾ?"

"ಆಯ್ತು."

ಕಾಲು ಪೆಡಲನ್ನು ಒಂದಿಷ್ಟು ಮುಟ್ಟಿತು, ಯೋಚಿಸಿತು, ಬಿಟ್ಟಿತು. ಚಿಕ್ಕಪ್ಪ ಉಸಿರು ಬಿಟ್ಟ.

ಇನ್ನೊಂದು ಪ್ರಶ್ನೆ ಉಳಿದಿತ್ತು. ಮಗಳು ಅದನ್ನು ಕೇಳಲು ಅರ್ಧ ಸುತ್ತು ತೆಗೆದುಕೊಂಡಳು. ಮೇಷ್ಟ್ರ ಮೂಗಿನ ಕೆಳಗೆ ಈಗ ಬರೀ ಬಯಲು. ಊಟ ಮಾಡುವಾಗ ಸಿಕ್ಕಿಕೊಳ್ಳುತ್ತದೆ, ಒರೆಸಿ ಒರೆಸಿ ಸಾಕಾಯಿತು ಎಂದು ಅವಳೇ ಕ್ಷೌರದವನನ್ನು ಮನೆಗೆ ಕರೆಸಿದ್ದಳು. ತೆಗೆಸಲಾ ಅಪ್ಪಾ ಎಂದಿದ್ದಳು, ಆಯ್ತು ಎಂದಿದ್ದರು. ಆವತ್ತು ಕೇಳಿದ್ದು ನಡುಮನೆಯ ಕುರ್ಚಿಯಲ್ಲಿ, ಕಾಲ ಕೆಳಗೆ ಪೆಡಲಿರಲಿಲ್ಲ.

"ಅಪ್ಪಾ, ನಾಳೆ ಕ್ಷೌರದವರು ಬರ್ತಾರೆ. ಮೀಸೆ ಮತ್ತೆ ಬೋಳಿಸಲಾ?"

"ಆಯ್ತು ಮಗಾ. ಧಾರಾ..."

ಇದನ್ನು ಗಕ್ಕ್ ಎಂದರೆ ಗಕ್ಕಿಗೇ ಅವಮಾನ. ಭೂಮಿ ತಿರುಗುವುದನ್ನು ಒಂದು ಕ್ಷಣ ನಿಲ್ಲಿಸಿತು, ಬಿಸಿಲು ಇದ್ದಲ್ಲೇ ಇತ್ತು. ಕನ್ನಡಿಗೆ ತೂಗುಹಾಕಿದ್ದ ಗೊಂಬೆ ದಾರ ಕಿತ್ತುಕೊಂಡು ಗಾಜಿಗೆ ಬಡಿಯಿತು. ಕಾರು ನಿಂತು, ಎಂಜಿನ್ ಸತ್ತ ಮೇಲೂ ಮೇಷ್ಟ್ರ ಕಾಲು ಪೆಡಲನ್ನು ಒತ್ತಿಕೊಂಡೇ ಇತ್ತು.

ಮಗಳು ಹಿಂದಿನಿಂದ ಕೈ ಚಾಚಿ ಅಪ್ಪನ ಭುಜ ಹಿಡಿದಳು. "ಆಯ್ತಪ್ಪಾ," ಎಂದಳು. "ಇಲ್ಲ. ಬೋಳಿಸಲ್ಲ. ಆಯ್ತು."

ಈ ಸಲ ಆಯ್ತು ಎಂದದ್ದು ಅವಳು. ಕಾಲು ಸಡಿಲವಾಯಿತು.

ನ್ಯಾಯಾಧೀಶೆ ಹಣೆಯ ಬುಗುಟು ಸವರಿಕೊಳ್ಳುತ್ತ ಕೆಳಗಿಳಿದರು. "ಎಲ್ಲಾ ನಿರ್ಧಾರಗಳು ಅಂತ ಕೇಳಿದ್ದೇ ನನ್ನ ತಪ್ಪು," ಎಂದರು. "ಯಾರು ತಾನೆ ಅದಕ್ಕೆ ಬ್ರೇಕ್ ಹಾಕಲ್ಲ?"

ಆದೇಶ ಬಂತು. ಮನೆ, ಜಾಗ, ಸಹಿ, ವ್ಯವಹಾರ, ಇಷ್ಟಕ್ಕೆ ಮಗಳು ಗಾರ್ಡಿಯನ್. ಔಷಧಿಯ ಮೇಲ್ವಿಚಾರಣೆ ತಮ್ಮನದು. ಊಟ, ನಿದ್ದೆ, ಉಡುಪು, ಮುಖದ ಮೇಲಿನ ಕೂದಲು, ಬೆಳಗಿನ ಸುತ್ತು, ಇವೆಲ್ಲ ಮೇಷ್ಟ್ರವೇ. ದೊಡ್ಡ ವಿಷಯವೇನಾದರೂ ಬಂದರೆ ಅವರ ಅಭಿಪ್ರಾಯವನ್ನು ಚಲಿಸುತ್ತಿರುವ ವಾಹನದಲ್ಲಿ, ಸಾರ್ವಜನಿಕರಿಗೆ ತೊಂದರೆಯಾಗದ ಜಾಗದಲ್ಲಿ, ಸೀಟ್ ಬೆಲ್ಟ್ ಧರಿಸಿ ಕೇಳತಕ್ಕದ್ದು. ಭೂಮಿ ಹುಟ್ಟಿದಾಗಿನಿಂದ ಯಾವ ನ್ಯಾಯಾಲಯವೂ ಇಂಥ ಆದೇಶ ಕೊಟ್ಟಿಲ್ಲ. ಕೊಟ್ಟಿದ್ದರೆ ಈ ಬೀದಿಗೆ ಗೊತ್ತಾಗದೆ ಇರುತ್ತಿರಲಿಲ್ಲ.

ಚಿಕ್ಕಪ್ಪ ದಿನವೂ ಮಾತ್ರೆ ಹಿಡಿದು ಬರತೊಡಗಿದ. ಬಂದವನು ಮೈದಾನದ ಅಂಚಿನಲ್ಲಿ ಸೈಕಲ್ ಹಿಡಿದು ನಿಂತು ಕಾರು ಸುತ್ತುವುದನ್ನು ನೋಡುತ್ತಿದ್ದ. ಮೇಷ್ಟ್ರ ಮೀಸೆ ಮೊದಲು ಹುಲ್ಲಿನ ಹಾಗೆ ಬಂತು, ಆಮೇಲೆ ಪೊರಕೆಯ ಹಾಗೆ, ಆಮೇಲೆ ಗುಬ್ಬಚ್ಚಿಗಳು ಜಾಗ ನೋಡಿಕೊಂಡು ಹೋಗುವಷ್ಟು. ಅದರಲ್ಲಿ ಕಾಫಿಯ ನೊರೆ ನಿಲ್ಲುತ್ತಿತ್ತು. ಮಗಳು ಒರೆಸುತ್ತಿದ್ದಳು, ಬೈದುಕೊಂಡೇ.

ಒಂದು ಬೆಳಿಗ್ಗೆ ಕಲಿಯುವವರು ಯಾರೂ ಬರಲಿಲ್ಲ. ಅಪ್ಪ ಪಕ್ಕದ ಸೀಟಿನಲ್ಲಿ, ಮಗಳು ಹಿಂದೆ. "ಬನ್ನಿ ಚಿಕ್ಕಪ್ಪ, ಕೂತ್ಕೊಳ್ಳಿ," ಎಂದಳು.

"ನಾನಾ? ಉಳಿದಿರೋದು ಮುಂದಿನ ಸೀಟು."

"ಕೊನೆಗೆ ಹತ್ತಿದೋರು ಓಡಿಸ್ಬೇಕು. ನಿಯಮ ನಿಮಗೆ ಗೊತ್ತಲ್ಲ."

"ಇವನ ಪಕ್ಕ ಕೂತು ಓಡಿಸೋಕಾಗುತ್ತೇನೇ? ಆವತ್ತೇ ಸಾಕಾಗಿದೆ," ಎನ್ನುತ್ತಲೇ ಅವನು ಸೈಕಲ್ಲನ್ನು ಗೋಡೆಗೆ ಒರಗಿಸಿಯಾಗಿತ್ತು.

ಸುತ್ತು ಹಾಕಿದ. ಸುತ್ತು ಹಾಕುತ್ತಲೇ ಇದ್ದ. ಟೈರಿಗೆ ಮುತ್ತು ಕೊಡಲು ಹೋದಾಗ ಒಮ್ಮೆ ಬ್ರೇಕು ಬಿತ್ತು, ನ್ಯಾಯವಾಗಿಯೇ ಬಿತ್ತು. ಕೊನೆಗೆ ಕಾರಿನ ಮೂತಿ ಗೇಟಿನ ಕಡೆ ತಿರುಗಿತು. ಅದೇ ಗೇಟು. ಅಲ್ಲೇ ಅಲ್ಲವೇ ಆ ದಿನ ಇಳಿದು ಹೋದದ್ದು? ಗೇಟಿನಾಚೆ ರಸ್ತೆ, ಬೆಳಗಿನ ಹೊತ್ತು, ಖಾಲಿ.

ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡ. "ಅಣ್ಣಾ, ರಸ್ತೆಗೆ ಹೋಗ್ಲಾ?"

"ಆಯ್ತು," ಎಂದರು ಮೇಷ್ಟ್ರು.

ಮಗಳು ಎರಡು ಕೈಯಿಂದಲೂ ಸೀಟು ಹಿಡಿದುಕೊಂಡಳು. ಕಣ್ಣು ಕೆಳಗೆ, ಅಪ್ಪನ ಕಾಲಿನ ಮೇಲೆ. ಹಳೇ ಚಪ್ಪಲಿಯ ಆ ಕಾಲು ಪೆಡಲಿನಿಂದ ಗೇಣು ದೂರದಲ್ಲಿ, ಬಿಸಿಲು ಕಾಯಿಸುವ ಬೆಕ್ಕಿನ ಹಾಗೆ, ನಿಶ್ಚಿಂತೆಯಿಂದ ಬಿದ್ದುಕೊಂಡಿತ್ತು. ಗೇಟಿನ ಕಂಬಗಳು ಹಿಂದಕ್ಕೆ ಸರಿದವು. ಮುಂದಿನ ಚಕ್ರ ರಸ್ತೆ ಮುಟ್ಟಿತು.

ಗಕ್ಕ್!

ಮಗಳು ಬೆಚ್ಚಿ ನೋಡಿದಳು. ಅಪ್ಪನ ಕಾಲು ಅಲ್ಲಾಡಿರಲಿಲ್ಲ. ಬ್ರೇಕು ತುಳಿದವನು ಚಿಕ್ಕಪ್ಪನೇ. ಸ್ಟೀರಿಂಗನ್ನು ಅಪ್ಪಿಕೊಂಡು, ಬೆವರಿ, ರಸ್ತೆಯನ್ನು ಹುಲಿಯನ್ನು ನೋಡುವ ಹಾಗೆ ನೋಡುತ್ತಿದ್ದ. ಎಲ್ಲೋ ದೂರದಲ್ಲಿ ಯಾವುದೋ ಗಾಡಿ ಹಾರ್ನು ಹೊಡೆಯಿತು.

ಮೇಷ್ಟ್ರು ತಮ್ಮನ ಕಡೆ ತಿರುಗಿದರು. ಮೀಸೆಯ ತುದಿಯಲ್ಲಿದ್ದ ಕಾಫಿಯ ನೊರೆ ಅದುರಿತು. ಬಾಯಿ ತೆರೆಯಿತು, ಯಾವುದೋ ಹಳೆಯ ಮಾತನ್ನು ಹುಡುಕಿತು, ತಡವರಿಸಿತು.

"ಬೇಡ," ಎಂದರು.

ಮಗಳು ಸೀಟು ಬಿಟ್ಟು ಮುಂದಕ್ಕೆ ಬಗ್ಗಿದಳು.

"ಬೇಡ ಕಣೋ, ನಿಲ್ಲಿಸ್ಬೇಡ. ಹೋಗು!"